ಸಮಗ್ರ ಲಿಖಿತ ಪರೀಕ್ಷೆಯ ನಿಯಮಗಳು: ಡಾಕ್ಟರೇಟ್ ವಿದ್ಯಾರ್ಥಿಗಳಿಗಾಗಿ ಒಂದು ವಿವರಣೆ

ಉತ್ತರ ಅಮೆರಿಕದ ದೈವಶಾಸ್ತ್ರ ವಿದ್ಯಾಲಯಗಳಲ್ಲಿ ಡಾಕ್ಟರೇಟ್ ಅಧ್ಯಯನಕ್ಕೆ ಸೇರಿದವರು ಮಹಾಪ್ರಬಂಧದ ಕೆಲಸಕ್ಕೆ ಕೈಹಾಕುವ ಮೊದಲು ಸಮಗ್ರ ಲಿಖಿತ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಇದನ್ನು ಕೆಲವೆಡೆ ಸಾಮಾನ್ಯ ಪರೀಕ್ಷೆಯೆಂದೂ ಕೆಲವೆಡೆ ಅರ್ಹತಾ ಪರೀಕ್ಷೆಯೆಂದೂ ಕರೆಯುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರಿಯ ‘ಕಾಂಪ್ಸ್’. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಇಂಥ ಪರೀಕ್ಷೆಯಿಲ್ಲ. ಅಲ್ಲಿ ಮೊದಲಿನಿಂದಲೇ ಪ್ರಬಂಧದ ಕೆಲಸ, ಕೊನೆಯಲ್ಲಿ ಅದರ ಮೇಲೆ ಮೌಖಿಕ ಪರೀಕ್ಷೆ. ನಮ್ಮ ಸೆಮಿನರಿಗಳಿಂದ ಹೊರಡುವವರು ಎರಡೂ ಕಡೆಗೆ ಹೋಗುತ್ತಾರೆ. ಅಮೆರಿಕಕ್ಕೆ ಹೋದವರಿಗೆ ಈ ಪರೀಕ್ಷೆಯ ಸ್ವರೂಪ ಸರಿಯಾಗಿ ತಿಳಿಯುವುದು ಹೆಚ್ಚಾಗಿ ಎರಡನೆಯ ವರ್ಷದ ಕೊನೆಗೆ, ಅಂದರೆ ಸಿದ್ಧತೆಯ ಕಾಲವು ಬಹುಪಾಲು ಕಳೆದುಹೋದ ಮೇಲೆ. ಆದುದರಿಂದ ಅದರ ನಿಯಮಗಳನ್ನೂ ಅವುಗಳ ಹಿಂದಿರುವ ಕಾರಣಗಳನ್ನೂ ಇಲ್ಲಿ ವಿವರಿಸಲು ಬಯಸುತ್ತೇವೆ. ವಿವರಗಳು ವಿದ್ಯಾಲಯದಿಂದ ವಿದ್ಯಾಲಯಕ್ಕೆ ಬೇರೆಯಾಗುತ್ತವೆ. ಆಯಾ ವಿದ್ಯಾಲಯದ ಕೈಪಿಡಿಯಲ್ಲಿರುವುದೇ ಕೊನೆಯ ಮಾತು.

ಅಧ್ಯಯನದ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲ ಎರಡು ವರ್ಷ ತರಗತಿಗಳು ಮತ್ತು ಸೆಮಿನಾರುಗಳು. ಅದರ ಜೊತೆಯಲ್ಲೇ ಭಾಷಾ ಪರೀಕ್ಷೆಗಳು. ಬಳಿಕ ಸಮಗ್ರ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರು ಪ್ರಬಂಧದ ಪ್ರಸ್ತಾವವನ್ನು ಸಲ್ಲಿಸುತ್ತಾರೆ. ಪರೀಕ್ಷೆಗೆ ಮೊದಲು ಅವರು ‘ವಿದ್ಯಾರ್ಥಿ’. ಪರೀಕ್ಷೆಯ ಬಳಿಕ ‘ಅಭ್ಯರ್ಥಿ’. ಈ ಪದವ್ಯತ್ಯಾಸವು ಬರಿಯ ಹೆಸರಿನದಲ್ಲ. ಇವರು ಇನ್ನು ಮುಂದೆ ಒಬ್ಬರೇ ಕೆಲಸ ಮಾಡಬಲ್ಲರು, ತಮ್ಮ ಕ್ಷೇತ್ರದ ಯಾವುದೇ ಮೂಲೆಯಲ್ಲಿ ನಿಲ್ಲಿಸಿ ಕೇಳಿದರೂ ದಾರಿ ಹೇಳಬಲ್ಲರು ಎಂದು ಅಧ್ಯಾಪಕ ವರ್ಗವು ಸಾಕ್ಷಿ ಹೇಳುವ ಘಟ್ಟವದು. ಪ್ರಬಂಧವು ಕಿರಿದಾದ ವಿಷಯದ ಆಳವನ್ನು ತೋರಿಸುತ್ತದೆ. ಆದರೆ ಡಾಕ್ಟರೇಟ್ ಪಡೆದವರು ನಾಳೆ ಸೆಮಿನರಿಯಲ್ಲಿ ಪಾಠ ಹೇಳುವಾಗ ಯಾರೂ ಅವರನ್ನು ಆ ಕಿರಿದಾದ ವಿಷಯದ ಮೇಲೆ ಮಾತ್ರ ಕೇಳುವುದಿಲ್ಲ. ಆಗಸ್ಟೀನನ ಮೇಲೆ ಪ್ರಬಂಧ ಬರೆದವರಿಗೆ ಸುಧಾರಣೆಯ ಕಾಲದ ಪಾಠವೂ, ಬಾರ್ತ್‌ನ ಮೇಲೆ ಬರೆದವರಿಗೆ ತ್ರಯೈಕ್ಯದ ಪಾಠವೂ ಬಂದೇ ಬರುತ್ತದೆ. ಆ ಅಗಲವನ್ನು ಅಳೆಯುವ ಸಾಧನ ಸಮಗ್ರ ಪರೀಕ್ಷೆಯೊಂದೇ.

ಬೋಧಿಸುವವರ ಅರ್ಹತೆಯನ್ನು ಹೀಗೆ ಮೊದಲೇ ಪರಿಶೀಲಿಸುವ ಪದ್ಧತಿ ಅಮೆರಿಕದ ಹೊಸ ಕಲ್ಪನೆಯೇನೂ ಅಲ್ಲ. 1179ರ ಮೂರನೆಯ ಲ್ಯಾಟರನ್ ಮಹಾಸಭೆಯು, ಬೋಧಿಸುವ ಪರವಾನಗಿಗೆ ಯಾರೂ ಹಣ ಕೇಳಬಾರದು ಮತ್ತು ಯೋಗ್ಯರಾದವರಿಗೆ ಅದನ್ನು ನಿರಾಕರಿಸಬಾರದು ಎಂದು ವಿಧಿಸಿತು. 1215ರಲ್ಲಿ ಪೋಪರ ಪ್ರತಿನಿಧಿಯಾಗಿದ್ದ ರಾಬರ್ಟ್ ಆಫ್ ಕೂರ್ಸಾನ್ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ನಿಯಮಾವಳಿಯ ಪ್ರಕಾರ, 35 ವರ್ಷ ತುಂಬದವರೂ ಕನಿಷ್ಠ 8 ವರ್ಷ ಅಧ್ಯಯನ ಮಾಡದವರೂ ಅಲ್ಲಿ ದೈವಶಾಸ್ತ್ರವನ್ನು ಬೋಧಿಸುವಂತಿರಲಿಲ್ಲ. ಈಗಲೂ ಕಥೋಲಿಕ ಪೀಠಗಳಲ್ಲಿ ಡಾಕ್ಟರೇಟಿಗೆ ಮುಂಚಿನ ಪದವಿಗೆ ‘ಲೈಸೆನ್ಷಿಯೇಟ್’ ಎಂಬ ಹೆಸರಿರುವುದು ಆ ಬೋಧನಾ ಪರವಾನಗಿಯ ನೆನಪಾಗಿಯೇ. ಮಾರ್ಟಿನ್ ಲೂಥರನು 1512ರ ಅಕ್ಟೋಬರಿನಲ್ಲಿ ವಿಟೆನ್‌ಬರ್ಗಿನಲ್ಲಿ ಡಾಕ್ಟರನಾದಾಗ ವೆಚ್ಚಕ್ಕೆ ಬೇಕಾದ 50 ಗುಲ್ಡನ್ನುಗಳನ್ನು ಸ್ಯಾಕ್ಸನಿಯ ಅರಸ ಫ್ರೆಡರಿಕನು ಕೊಟ್ಟನು. ಲೂಥರನು ಜೀವಮಾನವಿಡೀ ಅಲ್ಲಿಯೇ ವೇದಬೋಧನೆ ಮಾಡಬೇಕೆಂಬುದು ಷರತ್ತಾಗಿತ್ತು. ಉನ್ನತ ವ್ಯಾಸಂಗಕ್ಕೆ ಕಳುಹಿಸುವಾಗ ಹಿಂದಿರುಗಿ ಬಂದು ಇಷ್ಟು ವರ್ಷ ಸೇವೆ ಮಾಡಬೇಕೆಂದು ಬರೆಯಿಸಿಕೊಳ್ಳುವ ನಮ್ಮ ಸಭೆಗಳು ಹೊಸದೇನನ್ನೂ ಮಾಡುತ್ತಿಲ್ಲ ಎಂದಾಯಿತು. ಮುಂದೆ ತನ್ನನ್ನು ಪ್ರಶ್ನಿಸಿದವರಿಗೆ ಲೂಥರನು ಆ ಡಾಕ್ಟರ್ ಪ್ರಮಾಣವಚನವನ್ನೇ ಆಧಾರವಾಗಿ ತೋರಿಸಿದನು. ಆ ಕಾಲದ ಪರೀಕ್ಷೆಗಳೆಲ್ಲ ಬಾಯಿಮಾತಿನ ವಾದಗಳು. ಪರೀಕ್ಷೆಯು ಕಾಗದಕ್ಕೆ ಇಳಿದದ್ದು ಬಹಳ ಈಚೆಗೆ. ಅಮೆರಿಕದಲ್ಲಿ ಮೊದಲ ಪಿಎಚ್.ಡಿ. ಪದವಿಯನ್ನು ಯೇಲ್ ಕೊಟ್ಟದ್ದೇ 1861ರಲ್ಲಿ.

ಇನ್ನು ನಿಯಮಗಳಿಗೆ ಬರೋಣ. ಪರೀಕ್ಷೆಗೆ ಹೆಸರು ಕೊಡುವ ಮೊದಲು ಪೂರೈಸಬೇಕಾದವು ಮೂರು: ತರಗತಿಗಳ ಕೆಲಸ ಪೂರ್ತಿಯಾಗಿರಬೇಕು, ಭಾಷಾ ಪರೀಕ್ಷೆಗಳು ಮುಗಿದಿರಬೇಕು, ಗ್ರಂಥಸೂಚಿಗಳಿಗೆ ಪರೀಕ್ಷಕರ ಒಪ್ಪಿಗೆ ದೊರೆತಿರಬೇಕು. ತರಗತಿಯ ಒಂದು ಪ್ರಬಂಧವನ್ನು ‘ಆಮೇಲೆ ಕೊಡುತ್ತೇನೆ’ ಎಂದು ಬಾಕಿ ಉಳಿಸಿಕೊಂಡವರು ಪರೀಕ್ಷೆಯ ದಿನಾಂಕವನ್ನೇ ಕಳೆದುಕೊಳ್ಳುವುದುಂಟು.

ಭಾಷೆಗಳ ವಿಷಯ ಸ್ವಲ್ಪ ನಿಂತು ನೋಡುವಂಥದು. ವೇದಾಧ್ಯಯನದವರಿಗೆ ಇಬ್ರಿಯ ಮತ್ತು ಗ್ರೀಕ್ ಕಡ್ಡಾಯ. ಸಭಾಚರಿತ್ರೆಯ ಪ್ರಾಚೀನ ಹಾಗೂ ಮಧ್ಯಯುಗದ ವಿಭಾಗದವರಿಗೆ ಗ್ರೀಕ್ ಅಥವಾ ಲ್ಯಾಟಿನ್. ಇವುಗಳ ಮೇಲೆ ಸಾಮಾನ್ಯವಾಗಿ ಎರಡು ಆಧುನಿಕ ಸಂಶೋಧನ ಭಾಷೆಗಳು, ಹೆಚ್ಚಾಗಿ ಜರ್ಮನ್ ಮತ್ತು ಫ್ರೆಂಚ್. ಮಾತಾಡಲು ಬರಬೇಕಿಲ್ಲ, ನಿಘಂಟಿನ ನೆರವಿನಿಂದ ಒಂದೆರಡು ಪುಟಗಳನ್ನು ನಿಗದಿತ ಸಮಯದಲ್ಲಿ ಅನುವಾದಿಸಿದರೆ ಸಾಕು. ಪ್ರಬಂಧದ ವಿಷಯಕ್ಕೆ ಅಗತ್ಯವಿದ್ದರೆ ಇವುಗಳಲ್ಲೊಂದರ ಬದಲಿಗೆ ಬೇರೊಂದು ಭಾಷೆಯನ್ನು ಒಪ್ಪಿಕೊಳ್ಳಿರೆಂದು ವಿನಂತಿಸಲು ಅನೇಕ ವಿದ್ಯಾಲಯಗಳಲ್ಲಿ ಅವಕಾಶವಿದೆ. ಆ ಭಾಷೆಯಲ್ಲಿ ವಿದ್ವತ್ಪೂರ್ಣ ಸಾಹಿತ್ಯವಿದೆಯೆಂದೂ ಅದು ತಮ್ಮ ಸಂಶೋಧನೆಗೆ ಬೇಕೆಂದೂ ವಿದ್ಯಾರ್ಥಿಯೇ ತೋರಿಸಿಕೊಡಬೇಕು. ಬಾಸೆಲ್ ಮಿಷನ್ನಿನ ಚರಿತ್ರೆಯನ್ನೋ ಕನ್ನಡ ಸತ್ಯವೇದದ ಅನುವಾದಗಳನ್ನೋ ಅಧ್ಯಯನ ಮಾಡುವವರು ಕನ್ನಡಕ್ಕಾಗಿ ಈ ವಿನಂತಿಯನ್ನು ಸಂಕೋಚವಿಲ್ಲದೆ ಸಲ್ಲಿಸಬಹುದು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಂಥ ಕೃತಿಯಿರುವ ಭಾಷೆಗೆ ಪ್ರಮಾಣಪತ್ರ ಒದಗಿಸುವುದು ಕಷ್ಟವಲ್ಲ. ಆದರೆ ಜರ್ಮನ್ನನ್ನು ಬಿಡುವುದಕ್ಕಾಗಿ ಈ ದಾರಿ ಹಿಡಿಯಬಾರದು. ಬಾಸೆಲ್ ಮಿಷನ್ನಿನ ಕಡತಗಳು ಬಹುಪಾಲು ಇರುವುದು ಜರ್ಮನ್ನಿನಲ್ಲಿಯೇ.

ಗ್ರಂಥಸೂಚಿಯೇ ಈ ಪರೀಕ್ಷೆಯ ಪಠ್ಯಕ್ರಮ. ನಮ್ಮಲ್ಲಿ ಪಠ್ಯಕ್ರಮವನ್ನು ಮೇಲಿನವರು ನಿಗದಿ ಮಾಡಿ ಕಳುಹಿಸುತ್ತಾರೆ. ಅಲ್ಲಿ ವಿದ್ಯಾರ್ಥಿಯು ಮಾರ್ಗದರ್ಶಕರೊಡನೆ ಕುಳಿತು ತಾನೇ ಸಿದ್ಧಪಡಿಸಬೇಕು. ಒಂದು ಪತ್ರಿಕೆಗೆ ಐವತ್ತು ಅರವತ್ತು ಗ್ರಂಥಗಳು ಇರುವುದು ಅಪರೂಪವಲ್ಲ. ಪತ್ರಿಕೆಗಳು ಸಾಮಾನ್ಯವಾಗಿ ಮೂರರಿಂದ ಐದು: ಒಂದು ಮುಖ್ಯ ಕ್ಷೇತ್ರದ ಮೇಲೆ, ಒಂದು ಉಪಕ್ಷೇತ್ರದ ಮೇಲೆ, ಒಂದು ಪಕ್ಕದ ಶಾಸ್ತ್ರವೊಂದರ ಮೇಲೆ (ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ಮತ್ತೊಂದು ಧರ್ಮ), ಮತ್ತೊಂದು ಮುಂದಿನ ಪ್ರಬಂಧಕ್ಕೆ ಸಂಬಂಧಿಸಿದ ವಿಷಯದ ಮೇಲೆ. ಸೂಚಿಗೆ ಸಹಿ ಬಿದ್ದ ಮೇಲೆ ಎರಡು ಕಡೆಯವರೂ ಅದಕ್ಕೆ ಬದ್ಧರು. ಸೂಚಿಯಲ್ಲಿಲ್ಲದ ಗ್ರಂಥವನ್ನು ವಿದ್ಯಾರ್ಥಿಯು ಓದಿಲ್ಲವೆಂದು ಪರೀಕ್ಷಕರು ದೂರುವಂತಿಲ್ಲ. ಸೂಚಿಯಲ್ಲಿರುವುದನ್ನು ಓದಿಲ್ಲವೆಂದು ವಿದ್ಯಾರ್ಥಿಯು ಹೇಳುವಂತಿಲ್ಲ. ಆದುದರಿಂದ ಸೂಚಿಯನ್ನು ವಿದ್ವತ್ತಿನ ಪ್ರದರ್ಶನಕ್ಕಾಗಿ ಉದ್ದ ಮಾಡುವುದು ಅವಿವೇಕ. ಸಹಿಯಾದ ಪ್ರತಿಯನ್ನು ದಿನಾಂಕಸಹಿತ ಇಟ್ಟುಕೊಳ್ಳಬೇಕು: ಪರೀಕ್ಷಕರು ರಜೆಯ ಮೇಲೆ ಹೋಗುತ್ತಾರೆ, ನಿವೃತ್ತರಾಗುತ್ತಾರೆ, ಬದಲಾಗಿ ಬಂದವರಿಗೆ ಹಿಂದಿನವರ ಮಾತು ತಿಳಿದಿರುವುದಿಲ್ಲ.

ಪರೀಕ್ಷೆ ನಡೆಯುವ ರೀತಿ ಎರಡು ಬಗೆಯದು. ಮೊದಲನೆಯದು ಕೊಠಡಿಯಲ್ಲಿ ಕುಳಿತು ಬರೆಯುವುದು. ಒಂದೊಂದು ಪತ್ರಿಕೆಗೆ ಮೂರರಿಂದ ಆರು ಗಂಟೆಗಳು. ಒಂದೆರಡು ವಾರಗಳೊಳಗೆ ಎಲ್ಲ ಪತ್ರಿಕೆಗಳೂ ಮುಗಿಯಬೇಕು. ಪುಸ್ತಕವಿಲ್ಲ, ಟಿಪ್ಪಣಿಯಿಲ್ಲ, ಮೊಬೈಲ್ ಹೊರಗೆ. ಬರೆಯುವುದಕ್ಕೆ ವಿದ್ಯಾಲಯವೇ ಇಂಟರ್‌ನೆಟ್ ಸಂಪರ್ಕವಿಲ್ಲದ ಕಂಪ್ಯೂಟರನ್ನು ಕೊಡುತ್ತದೆ. ಸತ್ಯವೇದವನ್ನು ಒಳಗೆ ಬಿಡುವ ಕಡೆಗಳಲ್ಲಿ ಅದು ಅಡಿಟಿಪ್ಪಣಿಗಳಿಲ್ಲದ ಪ್ರತಿಯಾಗಿರಬೇಕೆಂಬ ಷರತ್ತಿರುತ್ತದೆ. ಗುರುತು ಹಾಕಿ ಬದಿಯಲ್ಲಿ ಬರೆದುಕೊಂಡ ನಮ್ಮ ಹಳೆಯ ಸತ್ಯವೇದವನ್ನು ಒಯ್ದರೆ, ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ, ಅದು ನಿಯಮಭಂಗ. ಎರಡನೆಯದು ಮನೆಗೆ ಒಯ್ದು ಬರೆಯುವುದು. ಪ್ರಶ್ನೆಯನ್ನು ಕೊಟ್ಟ ಬಳಿಕ ಒಂದು ದಿನ, ಮೂರು ದಿನ, ಕೆಲವೆಡೆ ಒಂದು ವಾರ. ಪುಸ್ತಕ ನೋಡಬಹುದು, ಪದಗಳ ಮಿತಿಯಿರುತ್ತದೆ, ಪುಟಸಂಖ್ಯೆಯೊಡನೆ ಉಲ್ಲೇಖಗಳು ಬೇಕು. ಇದು ಸುಲಭವೆಂದು ಕಾಣಿಸಿದರೂ, ಪರೀಕ್ಷಕರ ನಿರೀಕ್ಷೆಯೂ ಅಷ್ಟೇ ಏರಿರುತ್ತದೆ. ಪ್ರಶ್ನೆ ಕೈಗೆ ಬಂದ ಗಳಿಗೆಯಿಂದ ಉತ್ತರ ಒಪ್ಪಿಸುವವರೆಗೆ ಆ ವಿಷಯದ ಬಗ್ಗೆ ಯಾರೊಡನೆಯೂ, ಗಂಡ ಅಥವಾ ಹೆಂಡತಿಯೊಡನೆಯೂ, ಚರ್ಚಿಸಬಾರದೆಂಬುದು ಬಹುತೇಕ ಕಡೆ ಇರುವ ನಿಯಮ. ಉತ್ತರ ತನ್ನದೇ ಎಂಬ ಪ್ರಮಾಣಕ್ಕೆ ಸಹಿ ಹಾಕಬೇಕಾಗುತ್ತದೆ.

ಪ್ರಾಮಾಣಿಕತೆಯ ನಿಯಮವನ್ನು ಎಲ್ಲರೂ ಒಪ್ಪುತ್ತಾರೆ. ಅದರ ವ್ಯಾಪ್ತಿ ಎಷ್ಟೆಂಬುದೇ ನಮ್ಮವರಿಗೆ ಹೊಸದು. ನಾವು ಶಾಲೆಯಿಂದಲೂ ಒಳ್ಳೆಯ ವಾಕ್ಯಗಳನ್ನು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಇಳಿಸುತ್ತ ಬಂದವರು. ಗೈಡ್ ಪುಸ್ತಕದ ವಾಕ್ಯವನ್ನು ಇದ್ದಂತೆಯೇ ಬರೆದುದಕ್ಕೆ ಅಂಕ ಬಂದಿದೆಯೇ ಹೊರತು ಶಿಕ್ಷೆ ಬಂದಿಲ್ಲ. ಆದರೆ ಅಲ್ಲಿ ವಿದ್ವಾಂಸರೊಬ್ಬರ ವಾಕ್ಯವನ್ನು ನೆನಪಿನಿಂದ ಅಕ್ಷರಶಃ ಬರೆದು ಅವರ ಹೆಸರು ಹೇಳದೆ ಬಿಟ್ಟರೆ ಅದು ಕೃತಿಚೌರ್ಯವೆನಿಸಬಹುದು. ಮುಚ್ಚಿದ ಪುಸ್ತಕದ ಪರೀಕ್ಷೆಯಲ್ಲಿ ಪುಟಸಂಖ್ಯೆಯನ್ನು ಯಾರೂ ಕೇಳುವುದಿಲ್ಲ; ಯಾರು, ಯಾವ ಕೃತಿಯಲ್ಲಿ ಎಂದಷ್ಟು ಹೇಳಿದರೆ ಸಾಕು. ಹಾಗೆಯೇ ಮನೆಯಲ್ಲಿ ಬರೆಯುವ ಪರೀಕ್ಷೆಯಲ್ಲಿ ತಾನೇ ಹಿಂದೆ ಸೆಮಿನಾರಿಗೆ ಬರೆದ ಪ್ರಬಂಧದ ಪುಟಗಳನ್ನು ತಂದು ಸೇರಿಸುವುದೂ ಅನೇಕ ಕಡೆ ನಿಷಿದ್ಧ. ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದ ಬಳಿಕ ಈ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ‘ಇಂಗ್ಲಿಷ್ ತಿದ್ದಿಸಿಕೊಳ್ಳುವುದಕ್ಕೆ ಮಾತ್ರ ಬಳಸಬಹುದೇ?’ ಎಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ವಿದ್ಯಾಲಯದ ಲಿಖಿತ ಅನುಮತಿಯಿಲ್ಲದೆ ಬೇಡ ಎಂಬುದೇ ನಮ್ಮ ಸಲಹೆ. ಅನುಮತಿಯಿದ್ದರೂ ಪರೀಕ್ಷೆಯ ಮಟ್ಟಿಗೆ ಅದನ್ನು ದೂರವಿಡುವುದು ಲೇಸೆಂದು ತೋರುತ್ತದೆ. ವ್ಯಾಕರಣ ತಿದ್ದುವ ಯಂತ್ರವು ವಾಕ್ಯದ ಜೊತೆಗೆ ವಾದದ ಒತ್ತನ್ನೂ ಬದಲಿಸಿಬಿಡುತ್ತದೆ. ಬಳಿಕ ಮೌಖಿಕದಲ್ಲಿ ‘ಈ ಪದದಿಂದ ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ನಾವೇ. ಐದು ಗಂಟೆಗಳ ಒತ್ತಡದಲ್ಲಿ ಬರೆದ ಇಂಗ್ಲಿಷ್ ಸೊಗಸಾಗಿರಬೇಕೆಂದು ಪರೀಕ್ಷಕರು ಬಯಸುವುದೂ ಇಲ್ಲ.

ಇಷ್ಟೆಲ್ಲ ನಿಯಮಗಳನ್ನು ಪಾಲಿಸಿಯೂ ಒಳ್ಳೆಯ ವಿದ್ಯಾರ್ಥಿಗಳು ಎಡವುವುದುಂಟು. ಕಾರಣವು ಉತ್ತರದ ಸ್ವರೂಪದಲ್ಲಿದೆ. ಉದಾಹರಣೆಗಾಗಿ ನಾವೇ ಒಂದು ಪ್ರಶ್ನೆಯನ್ನು ರಚಿಸಿಕೊಳ್ಳೋಣ: ‘ಕಾಲ್ಸಿಡಾನ್ ಮಹಾಸಭೆಯು ನೈಸೀಯದ ನಿರ್ಣಯವನ್ನು ಪೂರ್ಣಗೊಳಿಸಿತೇ, ಇಲ್ಲವೆ ಬೇರೊಂದು ಪ್ರಶ್ನೆಗೆ ಉತ್ತರಿಸಿತೇ? ಆಧುನಿಕ ವಿದ್ವಾಂಸರ ಚರ್ಚೆಯನ್ನು ಗಮನದಲ್ಲಿಟ್ಟು ವಿಮರ್ಶಿಸಿರಿ.’ ಚೆನ್ನಾಗಿ ಓದಿಕೊಂಡ ನಮ್ಮ ವಿದ್ಯಾರ್ಥಿ ಬರೆಯುವುದು ಹೀಗೆ: 325ರಲ್ಲಿ ನೈಸೀಯ ಮಹಾಸಭೆಯು ಅರಿಯಸನನ್ನು ಖಂಡಿಸಿ ಕುಮಾರನು ತಂದೆಯೊಡನೆ ಏಕತತ್ತ್ವನೆಂದು ಸಾರಿತು, 381ರಲ್ಲಿ ಕಾನ್‌ಸ್ಟಾಂಟಿನೋಪಲ್, 431ರಲ್ಲಿ ಎಫೆಸ, ನೆಸ್ಟೋರಿಯಸನ ಖಂಡನೆ, 451ರಲ್ಲಿ ಕಾಲ್ಸಿಡಾನ್, ಎರಡು ಸ್ವಭಾವಗಳಲ್ಲಿ ಒಬ್ಬನೇ ಕ್ರಿಸ್ತನು. ಇದರಲ್ಲಿ ಒಂದು ತಪ್ಪೂ ಇಲ್ಲ. ಬಿ.ಡಿ. ತರಗತಿಯಲ್ಲಿ ಒಳ್ಳೆಯ ಅಂಕ ತರುವ ಉತ್ತರವಿದು. ಆದರೆ ಪ್ರಶ್ನೆ ಕೇಳಿದ್ದು ಎರಡು ಮಹಾಸಭೆಗಳ ನಡುವಣ ಸಂಬಂಧವನ್ನು. ಉತ್ತರ ಹೇಳಿದ್ದು ನಾಲ್ಕು ಮಹಾಸಭೆಗಳ ಕಥೆಯನ್ನು. ಪರೀಕ್ಷಕರು ಇದನ್ನು ತೇರ್ಗಡೆ ಮಾಡಲಾರರು.

ಬೇಕಾದ ಉತ್ತರವು ಮೊದಲ ಕಂಡಿಕೆಯಲ್ಲಿಯೇ ಒಂದು ನಿಲುವನ್ನು ತಾಳುತ್ತದೆ. ನೈಸೀಯದ ಪ್ರಶ್ನೆ ಕುಮಾರನಿಗೂ ತಂದೆಗೂ ಇರುವ ಸಂಬಂಧದ್ದು, ಕಾಲ್ಸಿಡಾನಿನದು ಒಬ್ಬನೇ ಕ್ರಿಸ್ತನಲ್ಲಿ ದೈವತ್ವಕ್ಕೂ ಮಾನವತ್ವಕ್ಕೂ ಇರುವ ಸಂಬಂಧದ್ದು; ಆದುದರಿಂದ ಪ್ರಶ್ನೆಗಳು ಬೇರೆ ಎನ್ನಬಹುದು. ಅಥವಾ ಅಲೆಗ್ಸಾಂದ್ರಿಯದ ಸಿರಿಲನಂತೆ, ನೈಸೀಯ ಪ್ರಮಾಣದಲ್ಲಿ ತಂದೆಯೊಡನೆ ಏಕತತ್ತ್ವನೆನಿಸಿದ ಕುಮಾರನೇ ನಮಗಾಗಿ ಮನುಷ್ಯನಾದವನೂ ಆಗಿರುವುದರಿಂದ ಎರಡನೆಯ ಪ್ರಶ್ನೆಯೂ ಮೊದಲನೆಯದರೊಳಗೇ ಇತ್ತು ಎನ್ನಬಹುದು. ಯಾವ ನಿಲುವನ್ನು ಹಿಡಿದರೂ ಅದಕ್ಕೆ ತೊಡಕಾಗುವ ಸಂಗತಿಗಳನ್ನು ತಾನಾಗಿಯೇ ಎದುರಿಗಿಟ್ಟುಕೊಳ್ಳಬೇಕು. ಎಫೆಸದ ಸಭೆಯು ನೈಸೀಯದ ನಂಬಿಕೆಯನ್ನು ಬಿಟ್ಟು ಬೇರೊಂದನ್ನು ರಚಿಸಬಾರದೆಂದು ವಿಧಿಸಿತ್ತು. ಕಾಲ್ಸಿಡಾನಿಗೆ ಬಂದ ಬಿಷಪರು ಹೊಸ ನಿರೂಪಣೆಗೆ ಮೊದಲು ಹಿಂಜರಿದರು. ಕೊನೆಗೆ ಬರೆದಾಗಲೂ ಹಳೆಯ ಪ್ರಮಾಣಗಳನ್ನು ಮೊದಲಿಗಿಟ್ಟು ಬರೆದರು. ಅದನ್ನು ನಿರಾಕರಿಸಿದವರೂ ನೈಸೀಯಕ್ಕೂ ಸಿರಿಲನಿಗೂ ನಿಷ್ಠರಾಗಿರುವ ಕಾರಣದಿಂದಲೇ ನಿರಾಕರಿಸುತ್ತೇವೆಂದರು. ಅವರ ಉತ್ತರಾಧಿಕಾರಿಗಳಾದ ಆರ್ಥೊಡಾಕ್ಸ್ ಸಿರಿಯನ್ ಸಭೆಗಳು ನಮ್ಮ ಪಕ್ಕದ ಕೇರಳದಲ್ಲಿಯೇ ಇವೆ. ಆ ಪರಂಪರೆಯ ವಿ. ಸಿ. ಸ್ಯಾಮುಯೆಲ್ ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ 1957ರಲ್ಲಿ ಮುಗಿಸಿದ ಡಾಕ್ಟರೇಟ್ ಅಧ್ಯಯನವು ಅಂತಿಯೋಕ್ಯದ ಸೆವೆರಸನ ಕ್ರಿಸ್ತಶಾಸ್ತ್ರವನ್ನು ಕುರಿತದ್ದು; ಕಾಲ್ಸಿಡಾನನ್ನು ಮರುಪರಿಶೀಲಿಸುವ ಅವರ ಗ್ರಂಥವು 1977ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಗ್ರಿಲ್‌ಮೈಯರ್ ಮತ್ತು ರಾನರ್ ಅವರ ಪಕ್ಕದಲ್ಲಿ ಸ್ಯಾಮುಯೆಲರನ್ನೂ ನಿಲ್ಲಿಸಿ ವಾದಿಸುವ ವಿದ್ಯಾರ್ಥಿಯ ಉತ್ತರಕ್ಕೆ ಬೇರೆಯೇ ತೂಕ ಬರುತ್ತದೆ. ಅವರ ಹೆಸರನ್ನು ಗ್ರಂಥಸೂಚಿಯಲ್ಲಿ ಸೇರಿಸಿದ್ದರೆ ಇನ್ನೂ ಒಳ್ಳೆಯದು. ಇಂಥ ಹೆಸರುಗಳನ್ನು ಪರೀಕ್ಷಕರು ತಾವಾಗಿ ಸೇರಿಸಲಾರರು.

ನಿಲುವು ತಾಳುವುದು ನಮ್ಮವರಿಗೆ ಅವಿನಯವೆಂದು ತೋರುತ್ತದೆ. ಹಿರಿಯ ವಿದ್ವಾಂಸರ ಎದುರಿನಲ್ಲಿ ‘ಇದು ಸರಿಯಲ್ಲ’ ಎನ್ನಲು ನಾನು ಯಾರು ಎಂಬ ಸಂಕೋಚ. ಆದರೆ ಬೋಧಕರಾಗುವವರಿಗೆ ಹೆಚ್ಚಿನ ತೀರ್ಪು ಕಾದಿದೆಯೆಂದು ಯಾಕೋಬನು ಎಚ್ಚರಿಸುವುದು ಅವರು ತಮ್ಮ ಮಾತಿಗೆ ತಾವೇ ಹೊಣೆಯಾಗಿರುವುದರಿಂದ. ನಾಲ್ವರು ಹೇಳಿದ್ದನ್ನು ಸಾಲಾಗಿ ಜೋಡಿಸಿ ಹಿಂದೆ ನಿಲ್ಲುವವರು ಆ ಹೊಣೆಯಿಂದ ತಪ್ಪಿಸಿಕೊಳ್ಳುತ್ತಾರೆ.

ಇದೇ ಸಂಕೋಚ ಇನ್ನೊಂದು ರೀತಿಯಲ್ಲಿಯೂ ಹಾನಿ ಮಾಡುತ್ತದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಹೆಚ್ಚುವರಿ ಸಮಯವನ್ನೋ ಮುದ್ರಿತ ನಿಘಂಟನ್ನೋ ಕೊಡುವ ವಿದ್ಯಾಲಯಗಳಿವೆ. ದೃಷ್ಟಿದೋಷ, ದೀರ್ಘಕಾಲದ ಕಾಯಿಲೆ ಮುಂತಾದವುಗಳಿಗೆ ಸೂಕ್ತ ಅನುಕೂಲ ಒದಗಿಸಬೇಕೆಂಬುದು ಅಲ್ಲಿ 1990ರಿಂದ ಕಾನೂನೇ ಆಗಿದೆ. ಗರ್ಭಿಣಿಯರೂ ಶಿಶುಗಳ ತಾಯಂದಿರೂ ದಿನಾಂಕದ ಬದಲಾವಣೆಯನ್ನು ಕೇಳಬಹುದು. ಆದರೆ ಇವೆಲ್ಲವನ್ನೂ ಮೊದಲೇ, ಬರಹದಲ್ಲಿ ಕೇಳಬೇಕು. ಪ್ರಶ್ನೆಪತ್ರಿಕೆಯನ್ನು ತೆರೆದ ಬಳಿಕ ‘ನಿನ್ನೆಯಿಂದ ಜ್ವರವಿತ್ತು’ ಎಂದರೆ ಕೇಳುವವರಿಲ್ಲ; ತೆರೆಯುವ ಮೊದಲು ಹೇಳಿದರೆ ಸಾಮಾನ್ಯವಾಗಿ ದಿನಾಂಕ ಮುಂದೆ ಹೋಗುತ್ತದೆ. ಕೇಳದೆಯೇ ಅರ್ಥಮಾಡಿಕೊಳ್ಳಲಿ ಎಂದು ನಾವು ಹಿರಿಯರಿಂದ ನಿರೀಕ್ಷಿಸುತ್ತೇವೆ. ಅಲ್ಲಿ ಕೇಳದಿದ್ದವರಿಗೆ ಅಗತ್ಯವಿಲ್ಲವೆಂದೇ ಅರ್ಥ.

ಬರೆದ ಒಂದೆರಡು ವಾರಗಳಲ್ಲಿ ಮೌಖಿಕ ಪರೀಕ್ಷೆ ನಡೆಯುತ್ತದೆ. ಸುಮಾರು ಎರಡು ಗಂಟೆಗಳು. ಆಧಾರ ಲಿಖಿತ ಉತ್ತರಗಳೇ. ಬರೆದುದರಲ್ಲಿ ಎಲ್ಲಿ ದುರ್ಬಲವಾಗಿತ್ತೋ ಅಲ್ಲಿಗೇ ಪ್ರಶ್ನೆ ಬರುತ್ತದೆಯಾದ್ದರಿಂದ, ತನ್ನ ಉತ್ತರಗಳ ಪ್ರತಿಯನ್ನು ಪಡೆದು ಪರೀಕ್ಷಕರ ಕಣ್ಣಿನಿಂದ ಓದಿಕೊಂಡು ಹೋಗಬೇಕು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ಗೊತ್ತುಮಾಡಿಕೊಳ್ಳಬೇಕಾದರೆ ಎಲ್ಲಿ ಹುಡುಕುವೆನೆಂದು ಹೇಳುವುದು ಸೋಲಲ್ಲ.

ಫಲಿತಾಂಶವು ವಿಶೇಷ ತೇರ್ಗಡೆ, ತೇರ್ಗಡೆ, ಷರತ್ತಿನ ತೇರ್ಗಡೆ, ಅನುತ್ತೀರ್ಣ ಎಂಬ ಬಗೆಗಳಲ್ಲಿ ಬರುತ್ತದೆ. ಷರತ್ತಿನ ತೇರ್ಗಡೆಯೆಂದರೆ ಒಂದು ಪ್ರಶ್ನೆಯನ್ನೋ ಒಂದು ಪತ್ರಿಕೆಯನ್ನೋ ಮತ್ತೆ ಬರೆಯಬೇಕೆಂದರ್ಥ. ಇದು ಸಾಕಷ್ಟು ಮಂದಿಗೆ ಬರುವಂಥದು, ನಾಚಿಕೆಯ ವಿಷಯವಲ್ಲ. ಅನುತ್ತೀರ್ಣರಾದವರಿಗೆ ಸಾಮಾನ್ಯವಾಗಿ ಮರುಪರೀಕ್ಷೆ ಒಂದೇ ಸಲ. ಎರಡನೆಯ ಸಲವೂ ಆಗದಿದ್ದರೆ ಡಾಕ್ಟರೇಟ್ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಅನೇಕ ಕಡೆ ಸ್ನಾತಕೋತ್ತರ ಪದವಿಯೊಂದನ್ನು ಕೊಟ್ಟು ಬೀಳ್ಕೊಡುತ್ತಾರೆ. ವಿದ್ಯಾರ್ಥಿ ವೀಸಾ ನೋಂದಣಿಗೆ ಅಂಟಿಕೊಂಡಿರುವುದರಿಂದ ಕುಟುಂಬಸಮೇತ ಹೋದವರು ಕೆಲವೇ ವಾರಗಳಲ್ಲಿ ಮನೆ ಖಾಲಿ ಮಾಡಬೇಕಾಗುತ್ತದೆ.

ಕಳುಹಿಸಿಕೊಟ್ಟ ಸಭೆಗೆ ಈ ಸುದ್ದಿಯನ್ನು ತಿಳಿಸಲಾರದೆ ತಿಂಗಳುಗಟ್ಟಲೆ ಮೌನವಾಗಿದ್ದವರುಂಟು. ಬಿಷಪರೂ ಸಭಾ ಕಾರ್ಯದರ್ಶಿಗಳೂ ತಮ್ಮ ವಿದ್ಯಾರ್ಥಿಗಳ ಮೊದಲ ವರ್ಷದಲ್ಲಿಯೇ ಪರೀಕ್ಷೆಯ ದಿನಾಂಕ, ಮರುಪರೀಕ್ಷೆಯ ಅವಧಿ, ಆ ಅವಧಿಯ ಖರ್ಚು ಇವಿಷ್ಟನ್ನು ಬರೆಯಿಸಿಕೊಂಡು ಕಡತದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮರುಪರೀಕ್ಷೆಗೆ ಹೆಚ್ಚಾಗಿ ಮೂರರಿಂದ ಆರು ತಿಂಗಳ ಅಂತರವಿರುತ್ತದೆ. ಆ ತಿಂಗಳುಗಳಿಗೆ ವಿದ್ಯಾರ್ಥಿವೇತನ ಮುಂದುವರಿಯುವುದೇ ಎಂಬುದನ್ನು ವಿದ್ಯಾರ್ಥಿಯು ಡೀನರ ಕಚೇರಿಯಿಂದ ಕೂಡಲೇ ಬರಹದಲ್ಲಿ ಪಡೆಯಬೇಕು. ಜೊತೆಗೆ ಮೊದಲ ಉತ್ತರಗಳ ಮೇಲೆ ಪರೀಕ್ಷಕರು ಬರೆದ ಟಿಪ್ಪಣಿಗಳನ್ನೂ ಕೇಳಿ ತರಿಸಿಕೊಂಡು, ಮಾರ್ಗದರ್ಶಕರೊಡನೆ ಒಂದೊಂದನ್ನೂ ಓದಿ, ಬಳಿಕ ಗ್ರಂಥಸೂಚಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.